ದಕ್ಕೆಯಲ್ಲಿ ಕೂತಿದ್ದವಳು

ಮಾರ್ಚ್ 3, ಮಂಗಳವಾರ

ಶಾಲೆಗೆ ಹೊರಡುವ ಮುಂಚೆ ಹಿತ್ತಲಿನ ಹನ್ನೊಂದು ನಾಯಿಗಳಿಗೂ ಜಂತುಹುಳದ ಮಾತ್ರೆ. ಎರಡು ಉಗುಳಿದವು, ಒಂದು ಕಚ್ಚಿತು. ಸಂಜೆ ದೋಣಿ ನಿಲ್ಲುವ ದಕ್ಕೆಯ ಹೆಣ್ಣುನಾಯಿ ಕೊನೆಗೂ ಸಿಕ್ಕಿತು — ಮೂಗಿನ ತುಂಬ ಕಂದು ಚುಕ್ಕೆ, ಪಕ್ಕೆಲುಬು ಎಣಿಸಬಹುದು. ನಾಲ್ಕು ದಿನದಿಂದ ಸಮುದ್ರ ನೋಡುತ್ತ ಕೂತಿತ್ತು, ಇಟ್ಟದ್ದನ್ನು ಮೂಸುತ್ತಲೂ ಇರಲಿಲ್ಲ.

ಐಸ್ ಮಾರುವ ಪೆತ್ರೋನಿಲಾ ಅಡ್ಡ ಬಂದಳು. "ಅದು ತೆಯೊದೊರೊ ನಾಯಿ ಕಣ್ರೀ ಟೀಚರಮ್ಮ. ಅವನು ದೋಣಿಗೆ ಹೋದ್ರೆ ಬರೋವರ್ಗೂ ಅಲ್ಲೇ ಕೂತಿರತ್ತೆ. ಪ್ರತಿ ಸಲಾನೂ ಇದೇ."

"ಅಷ್ಟು ಪ್ರೀತಿ ಇರೋನು ಹಿಂಗೆ ಬೀದೀಲಿ ಬಿಟ್ಟು ಹೋಗ್ತಾನಾ?" ಅಂದೆ. ಚೆನ್ನಾಗಿ ಬಾಯಿ ಮುಚ್ಚಿಸಿದೆ ಎಂದು ಖುಷಿಯಾಯಿತು. ಬೆಲಾ ಎಂದು ಹೆಸರಿಟ್ಟೆ. ನಾಯಿ ಸಾಕಲು ಒಯ್ಯುವ ವಿದೇಶದವರಿಗೆ ಕಳಿಸುವ ಫೋಟೊದ ಕೆಳಗೆ ಬರೆದೆ: ಯಜಮಾನ ಬಿಟ್ಟುಹೋದ, ಇವಳು ಇನ್ನೂ ಕಾಯುತ್ತಿದ್ದಾಳೆ.

ಮಾರ್ಚ್ 6, ಶುಕ್ರವಾರ

ಕೆನಡಾದ ಒಂದು ಮನೆಯವರು ಬೆಲಾಳನ್ನು ಕೇಳಿದ್ದಾರೆ! ಸೋಮವಾರ ಲೀಮಾದಿಂದ ಅಲ್ಲಿಗೆ ಹಾರುವ ಒಬ್ಬಾಕೆ ಜೊತೆಗೆ ಕರೆದೊಯ್ಯಲು ಒಪ್ಪಿದ್ದಾಳೆ. ಇದು ತಪ್ಪಿದರೆ ಜೂನ್. ಆದರೆ ನಮ್ಮ ಬೀದಿನಾಯಿ ರಕ್ಷಣಾ ಸಂಘದ ನಿಯಮ — ಸಿಕ್ಕ ನಾಯಿಯನ್ನು ಹದಿನೈದು ದಿನ ಇಟ್ಟುಕೊಂಡು ಯಜಮಾನನಿಗಾಗಿ ಕಾಯಬೇಕು. ಆ ನಿಯಮ ಬರೆದವಳೂ ನಾನೇ.

ರಿಜಿಸ್ಟರಿನಲ್ಲಿ ಬೆಲಾ ಸಿಕ್ಕ ತಾರೀಖು ಫೆಬ್ರವರಿ 18 ಎಂದು ಬರೆದೆ. ಸಂಘದ ಅಧ್ಯಕ್ಷೆ ಒಫೆಲಿಯಾ ನೋಡಲೂ ಇಲ್ಲ. "ನೀನು ಬರೆದ್ಮೇಲೆ ನೋಡೋದೇನೇ ನೇಲಿದಾ," ಎಂದು ಸಹಿ ಹಾಕಿದಳು. ನಾಯಿಯ ಒಳ್ಳೆಯದಕ್ಕೇ ಅಲ್ಲವೇ.

ಮಾರ್ಚ್ 9, ಸೋಮವಾರ

ಹೋದಳು. ವಿಮಾನ ನಿಲ್ದಾಣದ ಫೋಟೊ ಬಂತು. ಗೂಡಿನೊಳಗೆ ಬೆನ್ನು ತಿರುಗಿಸಿ ಕೂತಿದ್ದಾಳೆ. ಪರವಾಗಿಲ್ಲ, ಒಗ್ಗುತ್ತಾಳೆ.

ಮಾರ್ಚ್ 20, ಶುಕ್ರವಾರ

ಬರೆಯಲು ಕೈ ಬರುತ್ತಿಲ್ಲ.

ಗೇಟಿನಲ್ಲಿ ಒಬ್ಬ. ಬಿಸಿಲಿಗೆ ಸುಟ್ಟ ಮುಖ, ಒಂದು ಕೈಯಲ್ಲಿ ಟೋಪಿ, ಇನ್ನೊಂದರಲ್ಲಿ ಮೀನಿನ ಪೊಟ್ಟಣ. ತೆಯೊದೊರೊ. ಇಪ್ಪತ್ತು ದಿನ ಸಮುದ್ರದಲ್ಲಿದ್ದು ನಿನ್ನೆ ಬಂದನಂತೆ.

"ಪೆಕಾನ ನೋಡ್ಕೊಂಡ್ರಲ್ಲ ಟೀಚರಮ್ಮ, ನಿಮ್ಗೆ ಪುಣ್ಯ ಬರ್ಲಿ. ಪೆತ್ರೋನಿಲಾ ಹೇಳಿದ್ಲು. ನಾನಿಲ್ದಿದ್ರೆ ಊಟ ಬಿಡ್ತಾಳೆ, ಹಠಮಾರಿ. ತುಂಬಾ ಕಾಟ ಕೊಟ್ಟಳಾ?"

ಪೆಕಾ. ಅವಳಿಗೆ ಹೆಸರಿತ್ತು.

ತಪ್ಪಿಸಿಕೊಂಡು ಓಡಿಹೋಯಿತು ಎಂದೆ. ಎಷ್ಟು ಸಲೀಸಾಗಿ ಬಂತು ಸುಳ್ಳು! ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವವಳು ನಾನು.

ಅವನೇ ನನ್ನನ್ನು ಸಮಾಧಾನ ಮಾಡಿದ. "ಅಳ್ಬೇಡಿ, ನಿಮ್ದೇನು ತಪ್ಪು. ನನ್ನ ಹುಡುಕ್ಕೊಂಡು ಹೋಗಿರ್ತಾಳೆ." ಮೀನು ಕೊಟ್ಟೇ ಹೋದ. ನಾಯಿಗಳಿಗೆ ಹಾಕಿದೆ.

ಮಾರ್ಚ್ 24, ಮಂಗಳವಾರ

ತೆಯೊದೊರೊ ನನ್ನ ಗೇಟಿಗೆ ತನ್ನ ಹಳೆಯ ಅಂಗಿ ಕಟ್ಟಿ ಹೋಗಿದ್ದಾನೆ. ವಾಸನೆ ಹಿಡಿದು ಪೆಕಾ ಇಲ್ಲಿಗೆ ವಾಪಸ್ ಬಂದರೆ ಎಂದು. ದಿನಾ ಅದನ್ನು ಸರಿಸಿ ಚಿಲಕ ತೆಗೆಯುತ್ತೇನೆ. ಒಫೆಲಿಯಾ ಕೇಳಿದಳು, "ಯಾರದೇ ಈ ಚಿಂದಿ?" ಗೊತ್ತಿಲ್ಲ ಅಂದೆ. ಥೂ, ನನ್ನ ಜನ್ಮಕ್ಕಿಷ್ಟು.

ಮಾರ್ಚ್ 27, ಶುಕ್ರವಾರ

ಪೆತ್ರೋನಿಲಾ ರಸ್ತೆಯಲ್ಲಿ ತಡೆದಳು. "ನಾಳೆ ದೋಣಿ ಹೊರಡತ್ತೆ. ತೆಯೊದೊರೊ ಹೋಗಲ್ವಂತೆ. ಹಗಲೆಲ್ಲ ಮರಳುಗುಡ್ಡ ಸುತ್ತುತಾನೆ, ಪೆಕಾ ಪೆಕಾ ಅಂತ. ಈ ಸಲ ಬರ್ದಿದ್ರೆ ಬೇರೆಯವ್ರನ್ನ ಹತ್ತಿಸ್ಕೋತೀನಿ ಅಂದಿದಾನೆ ದೋಣಿ ಯಜಮಾನ." ನನ್ನ ಮುಖ ನೋಡಿದಳು. "ಅವತ್ತೇ ನಾನು ಹೇಳಿದ್ನಲ್ಲ ಟೀಚರಮ್ಮ."

ಹೌದು. ಹೇಳಿದ್ದಳು. ಕೇಳಿಸಿತ್ತು.

ಮನೆಗೆ ಬಂದವಳೇ ಕೆನಡಾಕ್ಕೆ ಬರೆದೆ, ದಯವಿಟ್ಟು ವಾಪಸ್ ಕಳಿಸಿ, ಯಜಮಾನ ಬಂದಿದ್ದಾನೆ ಎಂದು. ಸಂಜೆಯೊಳಗೆ ಉತ್ತರ. ನಮ್ಮ ಮಗಳು ಬೆಲಾಳನ್ನು ತಬ್ಬಿಕೊಂಡೇ ಮಲಗುತ್ತಾಳೆ, ಬಿಟ್ಟುಹೋದವನಿಗೆ ಮತ್ತೆ ಕೊಡುವುದು ಸಾಧ್ಯವಿಲ್ಲ — ನೀವೇ ಬರೆದಿದ್ದೀರಲ್ಲ. ಜೊತೆಗೆ ಬೆಲಾಳ ಒಂದು ವಿಡಿಯೊ.

ನಾಚಿಕೆ ಎಂದರೆ ಇದು.

ಮಾರ್ಚ್ 28, ಶನಿವಾರ, ಬೆಳಿಗ್ಗೆ 9

ದಕ್ಕೆಗೆ ಹೋಗಿ ಬಂದೆ. ತೆಯೊದೊರೊಗೆ ಎಲ್ಲ ಹೇಳಿದೆ. ತಾರೀಖು, ರಿಜಿಸ್ಟರು, ವಿಮಾನ, ಸುಳ್ಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ವಿಡಿಯೊ ತೋರಿಸಿದೆ.

"ಬದುಕಿದಾಳಾ!"

ಐಸ್ ಪೆಟ್ಟಿಗೆಯ ಮೇಲೆ ಕುಸಿದು ಕೂತ. ಮೂರು ಸಲ ನೋಡಿದ. ಮೂರನೆಯ ಸಲ ಪರದೆಯ ಹತ್ತಿರ ಬಾಯಿ ತಂದು ಮೆಲ್ಲಗೆ ಸಿಳ್ಳೆ ಹಾಕಿದ.

"ಅದೇನು ಸುತ್ತ ಬೆಳ್ಳಗೆ? ಉಪ್ಪಾ?"

"ಹಿಮ."

"ಚಳಿ ಆಗಲ್ವಾ ಅವಳಿಗೆ?"

ದೋಣಿಯ ಹಾರ್ನ್ ಆಯಿತು. ಯಾರೋ ಅವನ ಹೆಸರು ಹಿಡಿದು ಕೂಗಿದರು. ಅವನು ಏಳಲಿಲ್ಲ. ಫೋನನ್ನು ಅಂಗಿಯ ತುದಿಯಿಂದ ಒರೆಸಿ ನನ್ನ ಕೈಗಿಟ್ಟ.

"ಸಮುದ್ರದ ಮೇಲೆ ಹೋದ್ರೆ ಎಷ್ಟು ದಿನ ಆಗತ್ತೆ ಟೀಚರಮ್ಮ, ಅಲ್ಲಿಗೆ?"

ನಾನು ಫೋನಿನಲ್ಲಿ ನಕ್ಷೆ ತೆರೆದು ಅವನ ಪಕ್ಕ ಕೂತೆ.