ಬೇವು ಕಟ್ಟದ ಬಾಗಿಲು

ರಾಜೂರ
ಆನಂದ ಸಂವತ್ಸರದ ವೈಶಾಖ ಶುದ್ಧ ಪಂಚಮಿ, ೧೮೫೪

ಕೊಣ್ಣೂರಿನಲ್ಲಿರುವ ಮಗಳು ಗೌರವ್ವನಿಗೆ ಅಪ್ಪನ ಆಶೀರ್ವಾದ. ಇದನ್ನು ಅಳಿಯಂದಿರು ಓದಿ ಹೇಳಬೇಕು.

ಯುಗಾದಿಗೂ ಒಂದು ಸಾಲು ಬರೆಯಲಿಲ್ಲವೆಂದು ಮುನಿಸಿಕೊಂಡಿರುತ್ತೀ. ಊರ ದಾರಿಗೇ ಕಾವಲು ಹಾಕಿದ್ದರು, ಕಾಗದ ಒಯ್ಯುವವರು ಯಾರು? ಈಗ ಸಿಹಿ ಸುದ್ದಿ ಕೇಳು: ನಿನ್ನೆ ಕಾವಲು ತೆಗೆದರು. ಕುಬಸದ ಶಾಸ್ತ್ರಕ್ಕೂ ಹೆರಿಗೆಗೂ ನೀನು ತವರಿಗೆ ಬರಬಹುದು! "ಇಡೀ ರಾಜೂರಿಗೇ ಮೈಲಿ ಬ್ಯಾನಿ ಬಡದೈತಂತ, ಸೊಸೀನ್ನ ಹ್ಯಾಂಗ ಕಳಸೂದ್ರಿ?" ಎಂದು ನಿನ್ನ ಅತ್ತೆ ಹೇಳಿಕಳಿಸಿದ್ದರಲ್ಲ, ಅವರದೇನೂ ತಪ್ಪಿಲ್ಲ. ಸರಕಾರದ ಕಾಗದವೇ ಹಾಗೆ ಹೇಳುತ್ತಿತ್ತು.

ಆಗಿದ್ದಿಷ್ಟು. ಸಿಡುಬಿನ ಬೇನೆ ಎಷ್ಟು ಮನೆಗೆ ಬಂದಿದೆ, ಲೆಕ್ಕ ಕಳಿಸಿ ಎಂದು ಹುಕುಂ ಬಂತು. ದೇವಿ ಬಂದ ಮನೆಯ ಬಾಗಿಲಿಗೆ ಬೇವು ಕಟ್ಟುತ್ತಾರೆ, ಒಳಗೆ ಹೊರಗಿನವರು ಕಾಲಿಡಬಾರದಲ್ಲ? ಊರು ಕಾಯುವ ವಾಲೀಕಾರ ಪರಶಪ್ಪ ಬೀದಿಯಲ್ಲೇ ನಿಂತು, ಬೇವು ಕಟ್ಟಿದ ಬಾಗಿಲುಗಳನ್ನೆಲ್ಲ ಎಣಿಸಿ ಬರೆಸಿಬಿಟ್ಟ. ಬೇನೆ ಬಂದಿದ್ದು ನಾಲ್ಕೇ ಮನೆಗೆ. ಬೇವು ಕಟ್ಟಿದ್ದು ಊರಿಗೆ ಊರೇ! ಬೇವು ಕಂಡರೆ 'ಇಲ್ಲಿಗೆ ಆಗಲೇ ಬಂದಿದ್ದೆ' ಎಂದುಕೊಂಡು ದೇವಿ ಮುಂದೆ ಹೋಗುತ್ತಾಳೆಂಬ ಜಾಣತನ ನಮ್ಮವರದು. ನಿನ್ನವ್ವ ಎಮ್ಮೆಯ ಕೊಟ್ಟಿಗೆಗೂ ಕಟ್ಟಿದ್ದಳು.

ಮೊನ್ನೆ ಸರಕಾರದ ಕಾರಕೂನರೊಬ್ಬರು ಖುದ್ದಾಗಿ ಬಂದು, ಬೇವಿದ್ದ ಬಾಗಿಲಲ್ಲೆಲ್ಲ ನಿಂತು ವಿಚಾರಿಸಿದರು.

"ಈ ಮನ್ಯಾಗ ಯಾರಿಗೆ ಬಂದೈತಿ?"

"ಯಾರಿಗೂ ಇಲ್ರಿ, ಬರಬಾರದಂತ ಕಟ್ಟೀವ್ರಿ."

ಆ ನಾಲ್ಕು ಮನೆ ಬಿಟ್ಟರೆ ಎಲ್ಲ ಕಡೆಯೂ ಇದೇ ಉತ್ತರ. ಕೊನೆಗೆ ನಮ್ಮ ಕೊಟ್ಟಿಗೆ. ಒಳಗೆ ಎಮ್ಮೆ ಆರಾಮಾಗಿ ಮೆಲುಕು ಹಾಕುತ್ತಿತ್ತು.

"ಪರಶಪ್ಪಾ, ಈಕೀನೂ ಬರಸೀಯೇನೋ?"

"ಬಾಗಲಕ್ಕ ಬೇವಿತ್ರಿ ರಾಯರ. ಒಳಗ ಯಾರದಾರಂತ ನಾ ಹ್ಯಾಂಗ ಕೇಳ್ಲಿ?"

ಕಾರಕೂನರು ನಕ್ಕು ನಕ್ಕು ಕಟ್ಟೆಯ ಮೇಲೆ ಕುಳಿತೇಬಿಟ್ಟರು. ನಿನ್ನವ್ವ ಈಗ ಮೇವು ಹಾಕುವಾಗೆಲ್ಲ, "ಏಳವಾ ರೋಗಿಷ್ಟಿ, ಸರಕಾರ ನಿನ್ನ ಮಾತಾಡ್ಸಾಕ ಬಂದಿತ್ತು" ಎನ್ನುತ್ತಾಳೆ.

ನಾಲ್ಕು ಮನೆಯವರಿಗೂ ಗುಣವಾಗಿ ಮೈಗೆ ನೀರು ಬಿತ್ತು. ದೇವಿಗೆ ಉಡಿ ತುಂಬಿ ಊರಾಚೆ ಕಳಿಸಿಯೂ ಆಯಿತು. ಬರುವ ಸೋಮವಾರ ಬಂಡಿ ಕಟ್ಟಿಕೊಂಡು ನಾನೇ ಬರುತ್ತೇನೆ. ನಿನ್ನವ್ವ ಈಗಿನಿಂದಲೇ ಅಂಟಿನುಂಡೆಗೆಂದು ಕೊಬ್ಬರಿ ತುರಿಯಲು ಕುಳಿತಿದ್ದಾಳೆ, ಬೇಡವೆಂದರೆ ಕೇಳುವವಳೇ? ನಿನಗೂ ಹೊಟ್ಟೆಯ ಕೂಸಿಗೂ ಬಸವಣ್ಣನ ಕಾವಲಿರಲಿ.

ನಿನ್ನ ಅಪ್ಪ
ಅಂದಾನಪ್ಪ

ತಾ.ಕ.: ಇದನ್ನು ಬರೆಯಬೇಡ ಎಂದಳು ನಿನ್ನವ್ವ. ಆದರೆ ಬಂಡಿ ಇಳಿಯುತ್ತಲೇ ನೀನು ಕೇಳುವುದು ನಿನ್ನ ಗೆಳತಿಯಾದ ನೇಕಾರರ ತಿಪ್ಪವ್ವನ ಪುಟ್ಟ ಮಗಳು ಬಾಳವ್ವನನ್ನೇ. ಯುಗಾದಿಗೆ ಮುಂಚೆಯೇ ಆ ಕೂಸು ಹೋಯಿತು, ಗೌರವ್ವ. ಜ್ವರವೆಂದೇ ತಿಪ್ಪವ್ವ ಎಲ್ಲರಿಗೂ ಹೇಳಿದ್ದಳು. ಮೈಲಿಯಾಗಿತ್ತೆಂದು ನಿನ್ನೆ ನಿನ್ನವ್ವನ ಮುಂದೆ ಬಾಯಿ ಬಿಟ್ಟಳು. ಮಗ್ಗದ ಮೇಲೆ ನಿನ್ನ ಕುಬಸದ ಸೀರೆ ಇತ್ತಂತೆ. "ಬೇವು ಕಟ್ಟಿದ ಮನಿ ಸೀರಿ ಗೌರಿಗೆ ಯಾರ ಉಡಸ್ತಿದ್ರ ಯವ್ವಾ?" ಎಂದು ಅತ್ತಳಂತೆ. ಸೀರೆ ಅರ್ಧಕ್ಕೇ ನಿಂತಿದೆ. ಬಂದವಳೇ ಮೊದಲು ಅವಳ ಹತ್ತಿರ ಹೋಗಿ ಕುಳಿತುಕೋ. ಬೇವಿಲ್ಲದ ಬರಿಯ ಬಾಗಿಲೆಂದು ಪರಶಪ್ಪನೂ ಅವಳ ಮನೆ ದಾಟಿ ಹೋದ, ಕಾರಕೂನರೂ ದಾಟಿ ಹೋದರು. ರಾಜೂರಿನಲ್ಲಿ ಬೇನೆಗೆ ಯಾರೂ ಸತ್ತಿಲ್ಲವೆಂದು ಸರಕಾರದ ಕಾಗದ ಹೇಳುತ್ತದೆ. ನಮ್ಮ ಎಮ್ಮೆ ಲೆಕ್ಕದಲ್ಲಿತ್ತು, ಬಾಳವ್ವ ಇರಲಿಲ್ಲ.