ಒಂಬತ್ತು ಮೊಳ

ಅಮದಳ್ಳಿ
ಜನವರಿ ೧೨, ೨೦೨೫

ಮಗಳು ಚಂದನಾಳಿಗೆ ಆಯಿಯ ಆಶೀರ್ವಾದ.

ಫೋನಿರುವಾಗ ಕಾಗದ ಯಾಕೆಂದು ಕೇಳಬೇಡ. ಫೋನಿನಲ್ಲಿ ನನ್ನ ದನಿ ತಾನಾಗಿ ಗಟ್ಟಿಯಾಗುತ್ತದೆ, ನೀನು ಇಟ್ಟುಬಿಡುತ್ತೀ. ಎಸ್ಸೆಸ್ಸೆಲ್ಸಿ ತನಕ ಕಲಿತವಳು ನಾನು, ಬರೆಯಲು ಬರುತ್ತದೆ.

ಅಪ್ಪನ ವರ್ಷದ ಕಾರ್ಯ ಮುಗಿದು ಮೂರು ತಿಂಗಳಾಯಿತು. ನೀವಿರುವ ಅಂಕೋಲೆಯೇನು ದೂರವಲ್ಲ. ಅವತ್ತು ಹೋದ ಮೇಲೆ ನೀನೂ ಬರಲಿಲ್ಲ, ನಿನ್ನ ಗಂಡ ಕಿಶನನೂ ಬರಲಿಲ್ಲ. ಯಾಕೆಂದು ನನಗೆ ಗೊತ್ತು.

ಕಾರ್ಯದ ದಿನ, ಅಪ್ಪ ದಡದಲ್ಲಿ ನಿಂತು ಬಲೆ ಬೀಸುವ ವಿಡಿಯೋವನ್ನು ಗೋಡೆಯ ಮೇಲೆ ಬಿಟ್ಟು, ಆರಡಿಯ ಮನುಷ್ಯನನ್ನು ಆರಡಿಯಾಗಿಯೇ ನಿಲ್ಲಿಸಬೇಕೆಂಬುದು ನಿನ್ನ ಆಸೆ. ಹಿಂದಿನ ಗೋಡೆಯಿಂದ ಎದುರು ಗೋಡೆಗೆ ಎಷ್ಟು ದೂರವೆಂದು ನೀನು ಮೊದಲೇ ಫೋನ್ ಮಾಡಿ ಕೇಳಿದ್ದೆ. ನಾನು ಅಳೆದು ಒಂಬತ್ತು ಮೊಳ ಎಂದೆ. ನಮ್ಮ ಮನೆಯಲ್ಲಿ ಮೊಳವೆಂದರೆ ಅಪ್ಪನ ಮೊಳ, ಇಪ್ಪತ್ತು ಇಂಚು. ಬಲೆ ಅಳೆಯಲು ಅವರು ಆ ಅಳತೆಗೆ ಬಾಗಿಲ ಚೌಕಟ್ಟಿನಲ್ಲಿ ಕೊರೆದ ಎರಡು ಗೀರು ಈಗಲೂ ಇವೆ. ನೀನು ಹದಿನೈದು ಅಡಿ ಎಂದು ಲೆಕ್ಕ ಹಾಕಿದೆ. ಅಷ್ಟು ದೂರದಿಂದ ಬಿಟ್ಟರೆ ಚಿತ್ರ ಹನ್ನೆರಡು ಅಡಿ ಅಗಲ, ಅದರಲ್ಲಿ ಅಪ್ಪ ಸರಿಯಾಗಿ ಆರಡಿ. ಕಿಶನ ಅದಕ್ಕೆ ಹೊಂದುವ ಪ್ರೊಜೆಕ್ಟರನ್ನೇ ಹುಡುಕಿ ತಂದ.

ಗೋಡೆಯ ಮೇಲೆ ಬಂದ ಅಪ್ಪ ಐದಡಿಯೂ ಇರಲಿಲ್ಲ. ನಿನ್ನ ಚಿಕ್ಕಪ್ಪ ಮಾದು, "ದತ್ತಣ್ಣ ಸಾಲಿಗೆ ಹೊಂಟ ಹುಡ್ಗನಂಗೆ ಕಾಣ್ತಾನಲ!" ಎಂದ. ಉಂಡು ಕೂತವರೆಲ್ಲ ನಕ್ಕರು. ಆ ಮಶೀನಿನಲ್ಲಿ ಚಿತ್ರ ದೊಡ್ಡದಾಗಬೇಕಾದರೆ ಹಿಂದೆ ಸರಿಸುವುದೊಂದೇ ದಾರಿ, ಹಿಂದೆ ಗೋಡೆ. ಕಿಶನ ಮೆಲ್ಲಗೆ, "ಅತ್ತೆ, ದೂರ ಕಮ್ಮಿ ಬಿದ್ದದೆ. ದೇವರ ಕೋಣೆ ಬಾಗ್ಲು ತೆಗೆದ್ರೆ ಹಿಂದೆ ಇಡೂಕೆ ಆಗ್ತದೆ. ಒಂದ್ಸಲ ಅಳೆದು ನೋಡ್ವಾ?" ಎಂದ.

"ನಾ ಅಳೆದದ್ದ ನೀ ಮತ್ತೆ ಅಳೀತ್ಯಾ? ಬಲೆ ಹಿಡಿಯೂಕೆ ಬರದವಂಗೆ ಲೆಕ್ಕ ಬೇರೆ!" ಎಂದೆ, ಎಲ್ಲರೆದುರು. ಕಡಲಿಗಿಳಿಯದವನಿಗೆ ಮಗಳನ್ನು ಕೊಟ್ಟೆನೆಂಬ ಹಳೆಯ ಸಿಟ್ಟು ಅವತ್ತು ನಾಲಿಗೆಗೆ ಬಂತು. ಅವನು ವಯರು ಸುತ್ತಿದ. ನೀನು ಕೈ ತೊಳೆದು ಅವನ ಹಿಂದೆ ಹೋದೆ.

ಮೊನ್ನೆ ಪರದೆ ಹೊಲಿಸಲೆಂದು ಟೇಪು ಹಿಡಿದಾಗ ತಿಳಿಯಿತು, ಗೋಡೆಗೆ ಗೋಡೆ ಹನ್ನೆರಡೇ ಅಡಿ. ನನ್ನ ಮೊಳ ಹದಿನಾರು ಇಂಚು. ಅಳೆದದ್ದು ನನ್ನ ಕೈಯಲ್ಲಿ, ನೀನು ಹಿಡಿದದ್ದು ಅಪ್ಪನ ಮೊಳ. ನಿನ್ನ ಲೆಕ್ಕ ಸರಿ, ಕಿಶನ ತಂದ ಮಶೀನೂ ಸರಿ. ತಪ್ಪು ನನ್ನದು.

ದೇವರ ಕೋಣೆಯ ಬಾಗಿಲು ತೆಗೆದು, ಎದುರು ಗೋಡೆಯಿಂದ ಹದಿನೈದು ಅಡಿಗೆ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದಿದ್ದೇನೆ. ದೇವರ ಪೀಠಕ್ಕೆ ಒಂದು ಗೇಣು ಈಚೆಗೆ ಬರುತ್ತದೆ. ದೇವರು ಸುಧಾರಿಸಿಕೊಳ್ಳುತ್ತಾನೆ. ಕಸ ಗುಡಿಸುವಾಗ ಗೆರೆ ಅಳಿಸದಂತೆ ನೋಡಿಕೊಳ್ಳುತ್ತಿದ್ದೇನೆ. ಮುಂದಿನ ಭಾನುವಾರ ಇಬ್ಬರೂ ಬನ್ನಿ. ಮಾದುವನ್ನೂ ಕರೆಯುತ್ತೇನೆ, ಅವನೆದುರೇ ಅಂದದ್ದು, ಅವನೆದುರೇ ಒಪ್ಪಿಕೊಳ್ಳುತ್ತೇನೆ. ಈ ಕಾಗದವನ್ನು ಕಿಶನನಿಗೆ ಓದಿ ಹೇಳು.

ನಿನ್ನ ಆಯಿ,
ಕಾಶಿ

ತಾ.ಕ.: ಮೊನ್ನೆ ಟೇಪು ಹಿಡಿದಾಗ ತಿಳಿಯಿತೆಂಬ ಮಾತು ಸುಳ್ಳು. ಆ ಸಂಜೆಯೇ ಬಾಗಿಲಿಗೆ ಒರಗಿದಂತೆ ಮಾಡಿ, ಅಪ್ಪನ ಗೀರುಗಳಿಗೆ ನನ್ನ ಕೈ ಹಿಡಿದು ನೋಡಿದ್ದೆ. ಮೇಲಿನ ಗೀರಿಗೆ ನಾಲ್ಕೈದು ಬೆರಳು ಸಾಲಲಿಲ್ಲ. ಕಿಶನ ಆಗಿನ್ನೂ ಅಂಗಳದಲ್ಲಿ ಚಪ್ಪಲಿ ಹುಡುಕುತ್ತಿದ್ದ. ಕರೆಯಬಹುದಿತ್ತು, ಕರೆಯಲಿಲ್ಲ. ಇದನ್ನೂ ಅವನಿಗೆ ಓದಿ ಹೇಳು.