ಟ್ಯಾಂಕಿಯಾಗಿನ ಸಗಣಿ

ದೇವದುರ್ಗ
೯-೨-೧೯೮೩

ಪ್ರೀತಿಯ ತಾಯಣ್ಣಗ,

ನಿನ್ನ ತಂಗಿ ಶೇಖಮ್ಮನ ಶರಣು. ಝಾನ್ಸ್ಯಾಗ ಥಂಡಿ ಇನ್ನೂ ಬಿಟ್ಟಿಲ್ಲಂತ ಬರ್ದಿದ್ದಿ. ಕಾಲಿನ ಬಿರುಕು ಹೆಂಗದಾವ? ನಾ ಕಳಿಸಿದ ಮುಲಾಮು ಹಚ್ಚಾಕತ್ತೀಯೋ, ಇಲ್ಲ ಟ್ರಂಕಿನಾಗ ಇಟ್ಟು ಕೀಲಿ ಹಾಕೀಯೋ? ಕೆಮ್ಮು ಇದ್ರ ಬೀಡಿ ಬಿಡು. ನರ್ಸಬಾಯಿ ಮಾತು ಊರವ್ರೆಲ್ಲ ಕೇಳ್ತಾರ, ಒಡಹುಟ್ಟಿದವ ಮಾತ್ರ ಕೇಳೂದಿಲ್ಲ. ಅವ್ವ ಆರಾಮ ಅದಾಳ. ಮಣಕಾಲು ನೋವು ಅಂತ ನರಳ್ತಾಳ, ಆದ್ರ ನಿನ್ನ ಪತ್ರ ಬಂತಂದ್ರ ಮಣಕಾಲು ಮರ್ತು ಓಣಿ ತುಂಬ ಹೇಳಿ ಬರ್ತಾಳ.

ಈ ಸಲದ ಸುದ್ದಿ ಚಲೋದಲ್ಲ. ಸಿಟ್ಟಿನಾಗ ಬರಿಯಬಾರ್ದಂತ ತಡದೆ. ಸಿಟ್ಟು ಇಳೀತು, ಹೇಸಿಗಿ ಇಳೀಲಿಲ್ಲ. ರಾಮಲಿಂಗಪ್ಪ ಮಾವ ಕುರ್ಡಿಯಿಂದ ನಿನಗ ಏನೇನು ಬರ್ದಾನೋ ಗೊತ್ತಿಲ್ಲ. ಅದನ್ನ ಒಂದು ಕಡೆ ಇಡು, ಮೊದಲು ನಂದು ಓದು.

ನಾ ಫಟಫಟಿ ತಗೊಂಡದ್ದು ನಿನಗ ಒಂದು ಸಾಲಿನಾಗ ಬರ್ದಿದ್ದೆ, ಯಾಕಂತ ಬರ್ದಿರಲಿಲ್ಲ. ಗೂಗಲ್ ಊರಿನ ದಾರ್ಯಾಗಿನ ಹಳ್ಳಿಗಳೆಲ್ಲ ನನ್ನ ಪಾಲಿಗೆ ಬಂದಾವ. ಬಸ್ಸು ದೊಡ್ಡ ರಸ್ತಾದಾಗ ಇಳಿಸಿ ಹೋಗ್ತದ, ಅಲ್ಲಿಂದ ಕರಿಮಣ್ಣಿನಾಗ ನಡೀಬೇಕು. ಹೋದ ಮಳಿಗಾಲದಾಗ ಒಬ್ಬಾಕಿಗೆ ಹೆರಿಗಿ ಆಗಿ ರಕ್ತ ನಿಲ್ಲವಲ್ಲದಂತ ಕರಿ ಬಂತು. ಕೆಸರು ತುಳ್ಕೊಂತ ನಾ ಮುಟ್ಟೂದ್ರಾಗ ಆಕಿ ಮಾರಿ ಮ್ಯಾಲ ಸೀರಿ ಹೊಚ್ಚಿದ್ರು. ಆಕಿ ಗಂಡ ನನ್ನ ಬೈಲಿಲ್ಲ, "ಕುಂಡ್ರಿ ಬಾಯಿ, ಸಾಕಾಗಿ ಬಂದೀರಿ" ಅಂತ ನೀರು ಕೊಟ್ಟ. ಬೈದಿದ್ರ ಚಲೋ ಇತ್ತು. ಆವತ್ತೇ ಗಟ್ಟಿ ಮಾಡಿದೆ, ನನಗ ನನ್ನದೇ ಗಾಡಿ ಬೇಕಂತ.

ರಾಯಚೂರಿನ ತೀನ್ ಕಂದೀಲ್ ಹತ್ರ ಜಿಲಾನಿ ಪಾಷಾ ಅಂತ ಒಬ್ಬಾತ ಹಳೀ ಗಾಡಿ ರಿಪೇರಿ ಮಾಡಿ ಮಾರ್ತಾನ. ನಾ ಹೋಗಿ ಕೇಳಿದ್ರ, ಮೊದಲು ನನ್ನ ಹಿಂದ ಗಂಡಸು ಯಾರು ಬಂದಾರ ಅಂತ ಹಣಿಕಿ ಹಾಕಿ ನೋಡಿದ. ಲೂನಾ ತಗೋರಿ ಅಂದ. ನಮ್ಮ ದಾರ್ಯಾಗ ಲೂನಾ ಎಳಿಯೂದಿಲ್ಲ ಅಂದೆ. ಅಂಗಳದಾಗ ಮೂರು ಗಾಡಿ ಇದ್ವು. ನಿಮ್ಮ ಮಿಲ್ಟ್ರಿಯವ್ರು ತಗದು ಹಾಕಿದ್ದೊಂದು ಬುಲೆಟ್, ಒಂದು ಕೆಂಪು ಜಾವಾ, ಮೂಲ್ಯಾಗ ಗೋಣಿಚೀಲ ಹೊಚ್ಕೊಂಡಿದ್ದ ಬಿ.ಎಸ್.ಎ. ಬ್ಯಾಂಟಮ್. ಅದು ನಾವಿಬ್ಬರೂ ಹುಟ್ಟೂಕಿಂತ ಮೊದಲು ವಿಲಾಯತಿಯಿಂದ ಬಂದದ್ದು. ನಾ ಏನು ಮಾಡಿದೆ ಹೇಳು? ಒಂದೊಂದನ್ನೇ ನೆಲಕ್ಕ ಮಲಗಿಸಿ ಎತ್ತಿ ನೋಡಿದೆ. ಹಳ್ಳ್ಯಾಗ ಬಿದ್ರ ಎತ್ತಾವ್ರು ಯಾರದಾರ? ಬುಲೆಟ್ ಮಿಸುಕಲಿಲ್ಲ. ಜಾವಾ ಮಣಕಾಲಿನ ತನಕ ಬಂದು ಮತ್ತ ಬಿದ್ದು ನನ್ನ ಹೆಬ್ಬಟ್ಟಿನ ಉಗುರು ಕಿತ್ತಿತು. ಬ್ಯಾಂಟಮ್ ಒಂದೇ ಏಟಿಗೆ ಎದ್ದು ನಿಂತಿತು. ಜಿಲಾನಿ ಪಾಷಾ ತಲಿ ಹಿಡಕೊಂಡು, "ಅರೇ ಅಲ್ಲಾ, ನೀವು ಗಾಡಿ ತಗೊಳ್ಳಾಕ ಬಂದೀರೋ ಕುಸ್ತಿ ಹಿಡಿಯಾಕ ಬಂದೀರೋ?" ಅಂದ.

ಅದನ್ನ ನನಗ ಹೊಂದೂವಂಗ ಮಾಡಿಸಿದ್ದು ಒಂದು ದೊಡ್ಡ ಜಗಳ. ಪಾಷಾಗ ಹ್ಯಾಂಡಲ್ಲಿಗೆ ಬಣ್ಣದ ಗೊಂಡೆ ಕಟ್ಟಬೇಕು, ಹಾಡು ಹಾಡೂ ಹಾರ್ನು ಹಾಕಬೇಕು ಅಂತ ಆಸಿ. ನಾ ಒಲ್ಲೆ ಅಂದೆ. ಸೀಟು ತಗ್ಗು ಮಾಡಿಸಿದೆ, ಎರಡೂ ಕಾಲು ನೆಲಕ್ಕ ಹತ್ತಬೇಕಲ್ಲ. ಸೀರಿ ಸಿಗಬಾರ್ದಂತ ಚೈನಿಗೂ ಹಿಂದಿನ ಗಾಲಿಗೂ ತಗಡಿನ ಮುಚ್ಚಳ ಹಾಕಿಸಿದೆ. ಹೆರಿಗಿ ಸಾಮಾನು ಕುದಿಸಿಟ್ಟ ಡಬ್ಬಿ ಅಲುಗಾಡದಂಗ ಬಾಜೂಕ ಒಂದು ಕಬ್ಬಿಣದ ಪೆಟಿಗಿ ಬೆಸಿಗಿ ಹಾಕಿಸಿದೆ. ಬಣ್ಣ ಮಾತ್ರ ನನ್ನ ಹಟ: ಶಾಯಿ ನೀಲಿ. ಪಾಷಾನ ಹೇಣ್ತಿ ಮುನ್ನೀ ಬೀ ಸೀಟಿನ ಗವಸು ಹೊಲ್ದು, ಅಂಚಿಗೆ ಬಿಳಿ ದಾರದ ಹೊಲಿಗಿ ಹಾಕಿ, "ಇದರ ಮ್ಯಾಲ ಮೊದಲು ನಾ ಕುಂಡ್ರಾಕಿ" ಅಂತ ಕುಂತು ನಕ್ಕಳು. ಕ್ವಾಟಿ ಹಿಂದಿನ ಬಯಲಾಗ ಬಿದ್ದು ಎದ್ದು ಕಲ್ತೆ. ಅಣ್ಣಾ, ಮೊದಲ ಸಲ ದೇವದುರ್ಗದ ರಸ್ತಾಕ್ಕ ಬಂದಾಗ ಮಾರಿಗೆ ಗಾಳಿ ಬಡೀತಲ್ಲ, ಅದನ್ನ ಬರಿಯಾಕ ನನಗ ಬರೂದಿಲ್ಲ.

ಇನ್ನ ಹೇಸಿಗಿ ಮಾತು. ಆ ಊರಿನ ಹೆಸರು ಬರಿಯೂದಿಲ್ಲ, ಬರದ್ರ ಈ ಕಾಗದನೂ ನಾರ್ತದ. ಅಲ್ಲಿ ಗೌಡರ ಸೊಸಿಗೆ ಹಿಂದಿನ ದಿನದಿಂದ ಹೆರಿಗಿ ಬ್ಯಾನಿ ಅಂತ ಕರಿ ಬಂತು. ಅಗಸಿ ಮುಂದ ಕಟ್ಟಿ ಮ್ಯಾಲ ಗೌಡರ ಮಗ ನಾಕು ಮಂದಿ ಗೆಳೆಯರ ಕೂಡ ಕುಂತಿದ್ದ. ಒಳಗ ಒದ್ದಾಡಾಕತ್ತಿದ್ದಾಕಿ ಅವನ ಹೇಣ್ತಿ. ಅಂವ ಎದ್ದು ಅಡ್ಡ ನಿಂತ. "ಗಾಡಿ ಇಲ್ಲೇ ಬಿಡು. ನಿಮ್ಮ ಕೇರಿಯವ್ರು ಗಾಡಿ ಮ್ಯಾಲ ಕುಂತು ಈ ಓಣ್ಯಾಗ ಬರಂಗಿಲ್ಲ" ಅಂದ. ಓಣಿ ಒಳಗಿಂದ ಹೆಣ್ಣಿನ ಚೀರಾಟ ಕೇಳ್ತಿತ್ತು. ನಾ ವಾದ ಮಾಡಲಿಲ್ಲ. ಬೇವಿನ ಗಿಡದ ಕೆಳಗ ಗಾಡಿ ನಿಲ್ಲಿಸಿ, ಡಬ್ಬಿ ಎದಿಗೆ ಹಿಡಕೊಂಡು ಓಡಿದೆ.

ಕೂಸಿನ ಕಾಲು ಮೊದಲು ಬಂದಿದ್ವು. ಎಷ್ಟು ಹೊತ್ತು ಆತೋ ನನಗ ಗೊತ್ತಿಲ್ಲ. ಹೊರಗ ಬಂದ ಕೂಸು ಅಳಲಿಲ್ಲ, ನೀಲಿ ಆಗಿತ್ತು. ಬಾಯಿಂದ ಬಾಯಿಗೆ ಉಸುರು ಹಾಕಿದೆ. ಕೂಸು ಅತ್ತಾಗ ನಾನೂ ಅತ್ತೆ. ಹೆಣ್ಣು ಕೂಸು. ಗೌಡರ ಹೇಣ್ತಿ, "ದೇವರು ಬಂದಂಗ ಬಂದಿ" ಅಂತ ಕೈ ಮುಗದಳು. ಕುಡಿಯಾಕ ನೀರು ಕೇಳಿದ್ರ ಆಕಿನೇ, ಮ್ಯಾಲಿಂದ ಬೊಗಸಿಗೆ ಸುರುವಿದಳು. ನಾ ಹೊಸ್ತಿಲ ದಾಟಿದ ಕೂಡ್ಲೇ ನಾ ಕುಂತ ಜಾಗಕ್ಕ ಗೋಮೂತ್ರ ಸಿಂಪಡಿಸೂ ಸಪ್ಪಳ ಕೇಳಿತು. ಇದಕ್ಕ ನಾ ಹೊಸಬಾಕಿ ಅಲ್ಲ, ಬಿಡು.

ಗಾಡಿಗೆ ಕಿಕ್ ಹೊಡದೆ, ಚಾಲೂ ಆಗಲಿಲ್ಲ. ಮತ್ತ ಹೊಡದೆ. ಕಟ್ಟಿ ಮ್ಯಾಲಿನವ್ರು ಹೆಗಲ ಮ್ಯಾಲಿನ ವಲ್ಲಿ ಬಾಯಿಗೆ ಅಡ್ಡ ಹಿಡದು ನಗಾಕತ್ತಿದ್ರು. ಪೆಟ್ರೋಲ್ ಟ್ಯಾಂಕಿ ಮುಚ್ಚಳ ತಗದು ನೋಡಿದೆ. ಒಳಗ ಸಗಣಿ ತುರುಕಿದ್ರು. ಸೀಟು ಕೊಯ್ದು ಅದರಾಗೂ ಮೆತ್ತಿದ್ರು. ಗೌಡರ ಮಗ, "ಬಾಯಿ, ನಿನ್ನ ಗಾಡಿ ಹಸ್ದಿತ್ತು, ಉಣಿಸೀವಿ" ಅಂದ.

ಟ್ಯಾಂಕಿಯಾಗ ಬೆರಳು ಹಾಕಿ ಬಂದಷ್ಟು ಬಗದು ತಗೊಂಡೆ. ಕೈ ಹಂಗೇ ಹಿಡಕೊಂಡು ಅವನ ಮುಂದ ಹೋಗಿ ನಿಂತೆ. "ಈಗ ಇದೇ ಕೈಲೆ ನಿನ್ನ ಮಗಳನ್ನ ಹೊರಗ ತಗದು ಬಂದೀನಿ. ಇದೇ ಕೈಲೆ ನೀ ಹಾಕಿದ್ದನ್ನೂ ತಗದೀನಿ. ಒಳಗ ಹೋಗಿ ಮಗಳ ಮಾರಿ ನೋಡು, ಆಮ್ಯಾಲ ಹೊಲಸು ಯಾರಂತ ಹೇಳು." ಮಗಳು ಅಂತ ಅಂವಗ ಅವಾಗೇ ಗೊತ್ತಾದದ್ದು. ಮಾರಿ ಸಣ್ಣದಾತು. ನನ್ನ ಮಾತಿಗಲ್ಲ ಅಣ್ಣಾ, ಹೆಣ್ಣು ಹುಟ್ಟಿತಲ್ಲ ಅಂತ. ದೊಡ್ಡ ರಸ್ತಾದ ತನಕ ಗಾಡಿ ನೂಕ್ಕೊಂತ ಬಂದೆ. ಹತ್ತಿ ತುಂಬಿದ ಲಾರಿಯಾತ ಹಗ್ಗ ಕಟ್ಟಿ ಮ್ಯಾಲ ಏರಿಸಿ ರಾಯಚೂರಿಗೆ ಒಯ್ದ. ಜಿಲಾನಿ ಪಾಷಾ ಟ್ಯಾಂಕಿ ಬಿಚ್ಚಿ, ಸಣ್ಣ ಕಲ್ಲು ಹಾಕಿ ಪೆಟ್ರೋಲಿನಾಗ ಕುಲುಕಿ ಕುಲುಕಿ ತೊಳ್ದ. ತೊಳ್ಯೂ ತನಕ ಬೈದ. ಮುನ್ನೀ ಬೀ ಗವಸು ಕಿತ್ತು ಸುಟ್ಟು, ಹೊಸಾದು ಕತ್ತರಿಸಾಕ ಕುಂತಳು.

ಇಷ್ಟಕ್ಕೇ ಮುಗದಿದ್ರ ನಾ ನಿನಗ ಬರೀತಿರಲಿಲ್ಲ. ನಾ ರಾಯಚೂರಿನಾಗ ಇದ್ದಾಗ ಮಾವ ಆ ಊರಿಗೆ ಹೋಗಿ, ಚಪ್ಪಲ ಅಗಸ್ಯಾಗ ಬಿಟ್ಟು, ಗೌಡರ ಕಾಲು ಹಿಡದು ಬಂದಾನ. ಯಾರ ತಪ್ಪಿಗೆ? ನನ್ನ ತಪ್ಪಿಗಂತ! ನಾ ಮನಿಗೆ ಬಂದಾಗ ಅಂವ ಊಟಕ್ಕ ಕುಂತಿದ್ದ. "ಗೌಡ್ರು ದೊಡ್ಡ ಮನಸ್ಸು ಮಾಡ್ಯಾರ. ಹುಡುಗಿ ಇನ್ನ ಗಾಡಿ ಹತ್ತಂಗಿಲ್ಲ ಅಂತ ಮಾತು ಕೊಟ್ಟೀನಿ. ತಾಯಣ್ಣ ರಜಾಕ್ಕ ಬಂದ ಕೂಡ್ಲೇ ಮಾನ್ವ್ಯಾಗ ಮಾರೂದು. ಅಂವಂದೂ ಇದೇ ಮಾತದ" ಅಂದ. ಗೌಡರು ಕೊಟ್ಟ ಕುಪ್ಪಸದ ಖಣ ಅವ್ವನ ತೊಡಿ ಮ್ಯಾಲ ಇತ್ತು. ಆಕಿ ಅದನ್ನ ಸವರಾಕತ್ತಿದ್ದಳು, "ರೇಶ್ಮಿ ಅದ ನೋಡವ್ವ" ಅಂದಳು. ಕೈಗೆ ಹತ್ತಿದ್ದು ಸೋಪಿಗೆ ಹೋತು. ಅವ್ವ ಆ ಖಣ ಸವರಿದ್ದು ಮಾತ್ರ ಕಣ್ಣಿಂದ ಹೋಗವಲ್ಲದು.

ಮಾವ ಕೊಟ್ಟ ಮಾತು ಮಾವಂದು. ಗಾಡಿ ಸರಿ ಆದ ಮ್ಯಾಲ ಕೂಸಿನ ಹೊಕ್ಕಳ ನೋಡಾಕಂತ ಅದೇ ಊರಿಗೆ ಹೋದೆ. ಬೇವಿನ ಗಿಡದ ಹತ್ರ ನಿಲ್ಲಿಸಲಿಲ್ಲ, ಗೌಡರ ಬಾಗ್ಲಕ್ಕೇ ಒಯ್ದು ನಿಲ್ಲಿಸಿದೆ. ಗೌಡರ ಮಗ ಎದ್ದು ಹಿತ್ತಲಕ್ಕ ಹೋದ. ಕೂಸು ಚಲೋ ಅದ. ಬಾಣಂತಿ ನನ್ನ ಕೈ ಹಿಡದು ಬಿಡಲಿಲ್ಲ, ಕಣ್ಣಾಗ ನೀರಿತ್ತು. ಗೆದ್ದೆ ಅಂತ ನನಗ ಅನಿಸಲಿಲ್ಲ. ಬರೂ ದಾರ್ಯಾಗ ಎರಡು ಸಲ ಇಳ್ದು ಟ್ಯಾಂಕಿ ಮೂಸಿ ನೋಡಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಪಾಷಾ, ಮುನ್ನೀ ಬೀ ನಿನಗ ಸಲಾಮು ಹೇಳ್ಯಾರ. ಅವ್ವನ ಆಶೀರ್ವಾದ. ಆಕಿ ಮ್ಯಾಲ ನೀನೂ ಸಿಟ್ಟು ಮಾಡಬ್ಯಾಡ.

ನಿನ್ನ ತಂಗಿ,
ಶೇಖಮ್ಮ

ತಾ.ಕ.: ಟಪಾಲಿನಾತ ಬಾಗ್ಲಾಗ ನಿಂತಾನ, ಬೇಗ ಬರೀತೀನಿ. ಉಗಾದಿಗೆ ಯಾವ ರೈಲಿಗೆ ಬರ್ತಿ ತಿಳಿಸು. ರಾಯಚೂರು ಸ್ಟೇಶನ್ನಿಗೆ ನಾನೇ ಗಾಡಿ ತಗೊಂಡು ಬರ್ತೀನಿ. ಅಲ್ಲಿಂದ ಮನಿ, ಮನಿಯಿಂದ ಆ ಊರಿನ ಕಟ್ಟಿ ಮುಂದ ಹಾದು ಹೋಗೂದು. ನೀ ಮಿಲ್ಟ್ರಿ ಡ್ರೆಸ್ಸಿನಾಗ ನನ್ನ ಹಿಂದ ಕುಂಡ್ರತಿಯೋ ಇಲ್ಲೋ? ಮಾವ ಹೇಳಿದ್ದು ನಿನ್ನ ಮಾತು ಹೌದೋ ಅಲ್ಲೋ ಅಂತ ನಾ ಕೇಳೂದಿಲ್ಲ, ಇದೊಂದಕ್ಕ ಜವಾಬು ಬರಿ. ಕುಂಡ್ರೂದಿಲ್ಲಂದ್ರ ಬಸ್ಸಿಗೆ ಬಾ. ರೊಟ್ಟಿ ಬಡದು ಹಾಕ್ತೀನಿ, ಮಾತಾಡ್ಸೂದಿಲ್ಲ.